ಮೂರು ತೆಳು ತಂತಿ, ಒಂದು ಉಳಿದ ವಾಷರ್: ತಿರುಗದ ಸೈಕಲ್ ಮೋಟಾರಿನ ಪ್ರಕರಣ

ಜುಲೈ ತಿಂಗಳು. ಚಿಕ್ಕಮಗಳೂರಿನಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಒಬ್ಬರು ಗೂಡ್ಸ್ ಆಟೋದಲ್ಲಿ ಎಲೆಕ್ಟ್ರಿಕ್ ಸೈಕಲ್ ಹಾಕಿಕೊಂಡು ಬಂದು ಅಂಗಡಿ ಮುಂದೆ ಇಳಿಸಿದರು.

"ಮೋಟಾರ್ ಸುಟ್ಟಿದೆಯಂತೆ ಮಾರಾಯ್ರೆ. ಹೊಸದಕ್ಕೆ ಎಂಟು ಸಾವಿರ ಅಂತಾರೆ. ಕೊಡೋ ಮುಂಚೆ ನೀವೊಂದ್ಸಲ ನೋಡಿ."

ನನ್ನದು ಇನ್ವರ್ಟರ್, ಪಂಪಿನ ಸ್ಟಾರ್ಟರ್, ಮಿಕ್ಸಿ ರಿಪೇರಿ ಮಾಡುವ ಸಣ್ಣ ಅಂಗಡಿ. ಈಚೆಗೆ ಬ್ಯಾಟರಿ ಸೈಕಲ್‌ಗಳೂ ಬರುತ್ತಿವೆ. ಈ ಒಂದು ಸೈಕಲ್ಲಿನ ಕತೆಯನ್ನು ಉದ್ದಕ್ಕೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ಇದರಲ್ಲಿ ನನಗಿಂತ ಮೊದಲು ನೋಡಿದವರು ತಪ್ಪಿದ್ದರು. ಆಮೇಲೆ ನಾನೂ ತಪ್ಪಿದೆ, ಅದೂ ಇನ್ನೂ ದೊಡ್ಡದಾಗಿ. ಮಾಲೀಕರ ಹೆಸರು, ತೋಟದ ಹೆಸರು, ಸೈಕಲ್ ಕಂಪನಿ, ಬೇರೆ ಅಂಗಡಿಗಳ ಗುರುತು ಎಲ್ಲ ಬಿಟ್ಟಿದ್ದೇನೆ. ಮೀಟರ್ ತೋರಿಸಿದ ಅಂಕೆಗಳನ್ನು ಮಾತ್ರ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಅವರು ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ವಯಸ್ಸು ಐವತ್ತರ ಆಸುಪಾಸು. ಇಲ್ಲಿ ಅವರನ್ನು ರೈಟ್ರು ಅಂತಲೇ ಕರೆಯುತ್ತೇನೆ. ಮನೆ ಊರಲ್ಲಿ, ತೋಟ ಕೈಮರದ ಕಡೆ. ಹೋಗುವಾಗ ಬಹುಪಾಲು ಏರು, ಬರುವಾಗ ಇಳಿಜಾರು. ಆ ದಾರಿಯೇ ಮುಂದೆ ಮುಳ್ಳಯ್ಯನಗಿರಿಗೆ ಹೋಗುತ್ತದೆ, 1,900 ಮೀಟರ್ ದಾಟಿದ ಬೆಟ್ಟಕ್ಕೆ. ಏರು ಎಂಥದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಸೈಕಲ್ 36 ವೋಲ್ಟಿನದು, ಹಿಂದಿನ ಚಕ್ರದ ನಡುವೆ 250 ವಾಟಿನ ಮೋಟಾರ್. ನಮ್ಮ ದೇಶದಲ್ಲಿ ಬರುವ ಹೆಚ್ಚಿನ ಸೈಕಲ್‌ಗಳು ಈ ಅಳತೆಯ ಒಳಗೇ ಇರುತ್ತವೆ. ಅದಕ್ಕಿಂತ ಜಾಸ್ತಿಯಾದರೆ ನಂಬರ್ ಪ್ಲೇಟು, ಲೈಸೆನ್ಸು ಅಂತ ಶುರುವಾಗುತ್ತೆ. ಹ್ಯಾಂಡಲ್ ಮೇಲೆ ನಾಲ್ಕು ದೀಪದ ಪುಟ್ಟ ಪಟ್ಟಿ. ಚಾರ್ಜ್ ಎಷ್ಟಿದೆ ಅಂತ ಮಾತ್ರ ತೋರಿಸುತ್ತೆ. ಅಂಕೆ ತೋರಿಸುವ ಪರದೆ ಇದ್ದಿದ್ದರೆ ಏನಾದರೂ ಸುಳಿವು ಸಿಗುತ್ತಿತ್ತೋ ಏನೋ, ಇದರಲ್ಲಿ ಅದೂ ಇಲ್ಲ.

ರೈಟ್ರು ಹೇಳಿದ ಕತೆ ಇಷ್ಟು. ಹದಿಮೂರು ದಿನದ ಹಿಂದೆ ತೋಟಕ್ಕೆ ಹೋಗುವಾಗ ಏರಿನಲ್ಲಿ 'ಟಕ್' ಅಂತ ಸದ್ದಾಯಿತು. ಆಮೇಲೆ ಎಕ್ಸಲೇಟರ್ ತಿರುಗಿಸಿದರೆ ಚಕ್ರ ಗರ್ ಅಂತ ನಡುಗಿ ನಿಲ್ಲುತ್ತಿತ್ತು. ಪೆಡಲ್ ತುಳಿದುಕೊಂಡೇ ವಾಪಸ್ ಬಂದರು. ಒಬ್ಬ ಮೆಕ್ಯಾನಿಕ್ ಎಕ್ಸಲೇಟರ್ ಬದಲಿಸಿದ. ನಡುಕ ಹೋಗಲಿಲ್ಲ. ಹಾಗಾದರೆ ಕಂಟ್ರೋಲರ್ (ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಅಳೆದು ಕೊಡುವ ಪೆಟ್ಟಿಗೆ) ಹೋಗಿದೆ ಅಂದ, ಹೊಸದು ತರಿಸಿದ. ಅದು ಬರಲು ಎಂಟು ದಿನ ಹಿಡಿಯಿತು. ಅಷ್ಟು ದಿನವೂ ಸೈಕಲ್ ಅಂಗಡಿಯ ಸೂರಿನಂಚಿನಲ್ಲಿ, ನೀರು ತೊಟ್ಟಿಕ್ಕುವ ಜಾಗದಲ್ಲಿ ನಿಂತಿತ್ತು. ಹೊಸ ಕಂಟ್ರೋಲರ್ ಹಾಕಿದ ಮೇಲೆ ನಡುಕವೂ ಇಲ್ಲ. ದೀಪ ಉರಿಯುತ್ತೆ, ಚಕ್ರ ಮಾತ್ರ ತೆಪ್ಪಗೆ. ಮೊದಲು ನಡುಗುತ್ತಿತ್ತು, ಈಗ ಅದೂ ಇಲ್ಲ ಅಂದ ಮೇಲೆ ಮೋಟಾರೇ ಹೋಗಿದೆ ಅಂತ ಆತ ತೀರ್ಮಾನಿಸಿದ.

ಆತನನ್ನು ದೂರೋಕೆ ಇದನ್ನು ಬರೆಯುತ್ತಿಲ್ಲ. ಆ ಲೆಕ್ಕ ಕೇಳೋಕೆ ಸರಿಯಾಗೇ ಇದೆ. ರೋಗ ಒಂದೇ ಇದ್ದಿದ್ದರೆ ಸರಿಯೂ ಇರುತ್ತಿತ್ತು. ಅಷ್ಟರಲ್ಲಿ ರೈಟ್ರ ಜೇಬಿನಿಂದ ಎಕ್ಸಲೇಟರಿಗೆ 450, ಕಂಟ್ರೋಲರಿಗೆ 1,900, ಕೂಲಿ 500 ಹೋಗಿತ್ತು.

ಒಂದು ಒಳ್ಳೆಯ ಕೆಲಸ ಮಾಡಿದ್ದರು ರೈಟ್ರು. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ತಂದಿದ್ದರು. ತೋಟದ ಲೆಕ್ಕ ಬರೆಯುವವರ ಅಭ್ಯಾಸ ಇರಬೇಕು.

ಮೊದಲ ಅರ್ಧ ಗಂಟೆ

ಮೊದಲು ಮೂಗು. ಮೋಟಾರಿನ ಸುರುಳಿ ಸುಟ್ಟಿದ್ದರೆ ವಾರ್ನಿಷ್ ಕಮಟು ವಾಸನೆ ವಾರಗಟ್ಟಲೆ ಹೋಗುವುದಿಲ್ಲ. ಆಕ್ಸಲ್ (ಚಕ್ರದ ನಡುವಿನ ಅಚ್ಚು) ಹತ್ತಿರ ಮೂಗು ಇಟ್ಟು ನೋಡಿದೆ. ಕೆಸರು, ಗ್ರೀಸು, ಅಷ್ಟೇ. ಇದನ್ನು ಸಾಕ್ಷಿ ಅಂತ ಹೇಳಲಾಗದು. ಆದರೂ ಎಂಟು ಸಾವಿರದ ಮಾತು ಸ್ವಲ್ಪ ದೂರ ಸರಿಯಿತು.

ಬ್ಯಾಟರಿ 40.6 ವೋಲ್ಟ್ ತೋರಿಸಿತು. 36 ವೋಲ್ಟಿನ ಲಿಥಿಯಂ ಬ್ಯಾಟರಿ ಪೂರ್ತಿ ತುಂಬಿದಾಗ 42 ಇರುತ್ತೆ. ಹಾಗಾಗಿ ಚೆನ್ನಾಗಿದೆ ಅನ್ನಬಹುದು. ಆದರೆ ಸುಮ್ನೆ ಕೂತ ಬ್ಯಾಟರಿ ಚೆನ್ನಾಗಿ ಕಾಣೋದು ದೊಡ್ಡ ಮಾತಲ್ಲ. ಭಾರ ಬಿದ್ದಾಗ ಕುಸಿಯುತ್ತಾ ಅನ್ನೋದು ಮುಖ್ಯ. ಒಳಗಿನ ಒಂದು ಸೆಲ್ ಸಾಲು ಸೋತಿದ್ದರೆ ಎಕ್ಸಲೇಟರ್ ಮುಟ್ಟಿದ ಕೂಡಲೇ ಬ್ಯಾಟರಿಯ ಕಾವಲು ಬೋರ್ಡ್ ಕರೆಂಟು ಕಡಿದುಬಿಡುತ್ತೆ. ತಿರುಗದ ಮೋಟಾರಿನಿಂದ ಭಾರ ಹಾಕೋದು ಹೇಗೆ? ನನ್ನ ಹತ್ತಿರ ಕಾರಿನ ಹೆಡ್‌ಲೈಟಿನ ಮೂರು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದ ಹಲಗೆ ಇದೆ. 12 ವೋಲ್ಟಿನ 55 ವಾಟಿನವು. ಮೂರು ಸೇರಿದರೆ 36 ವೋಲ್ಟಿಗೆ ಸರಿಹೊಂದುತ್ತೆ, ಸುಮಾರು ನಾಲ್ಕೂವರೆ ಐದು ಆಂಪಿಯರ್ ಎಳೆಯುತ್ತೆ. ಹಚ್ಚಿದೆ. ಮಳೆಗಾಲದ ಕತ್ತಲಲ್ಲಿ ಅಂಗಡಿಯೆಲ್ಲ ಬೆಳಕಾಯಿತು. ಎರಡು ನಿಮಿಷ ಬಿಟ್ಟೆ. 39.5ಕ್ಕೆ ಇಳಿದು ನಿಂತಿತು. ಬ್ಯಾಟರಿ ವಿಷಯ ಅಲ್ಲಿಗೆ ಮುಗಿಯಿತು.

ಆಮೇಲೆ ಎಕ್ಸಲೇಟರ್. ಅದರಿಂದ ಮೂರು ತಂತಿ ಬರುತ್ತೆ. ಕೆಂಪಿಗೂ ಕಪ್ಪಿಗೂ ನಡುವೆ 4.9 ವೋಲ್ಟ್ ಇತ್ತು. ಅಂದರೆ ಕಂಟ್ರೋಲರ್‌ಗೆ ಜೀವ ಇದೆ, 5 ವೋಲ್ಟ್ ಮಾಡಿ ಕೊಡುತ್ತಿದೆ. ಮೂರನೇ ತಂತಿಯಲ್ಲಿ ಹಿಡಿ ಬಿಟ್ಟಾಗ 0.8, ಪೂರ್ತಿ ತಿರುಗಿಸಿದಾಗ 3.9. ನಡುವೆ ಎಲ್ಲೂ ಜಿಗಿಯಲಿಲ್ಲ. ಕವರಿನಲ್ಲಿದ್ದ ಹಳೇ ಎಕ್ಸಲೇಟರನ್ನೂ ಜೋಡಿಸಿ ನೋಡಿದೆ. ಅದೂ ಅಷ್ಟೇ ಚೆನ್ನಾಗಿತ್ತು! ರೈಟ್ರ ಮುಖ ನೋಡಲು ಹೋಗಲಿಲ್ಲ.

ಬ್ರೇಕ್

ಈ ಸೈಕಲ್‌ಗಳಲ್ಲಿ ಬ್ರೇಕ್ ಹಿಡಿ ಒತ್ತಿದರೆ ಮೋಟಾರಿಗೆ ಕರೆಂಟು ನಿಲ್ಲುತ್ತೆ. ಹಿಡಿಯೊಳಗೆ ಪುಟ್ಟ ಸ್ವಿಚ್ಚು. ಅದರ ಎರಡು ತಂತಿ ಕೂಡಿದರೆ ಕಂಟ್ರೋಲರ್ 'ಬ್ರೇಕ್ ಹಿಡಿದಿದ್ದಾರೆ' ಅಂತ ತಿಳಿದು ಸುಮ್ಮನಾಗುತ್ತೆ. ಚಕ್ರ ಪೂರ್ತಿ ಸತ್ತಂತೆ ಇದ್ದು ದೀಪ ಮಾತ್ರ ಉರಿಯುತ್ತಿದ್ದರೆ ನಾನು ಮೊದಲು ನೋಡುವುದೇ ಇದನ್ನು. ಬಿಚ್ಚೋಕೆ ಹತ್ತು ಸೆಕೆಂಡು, ಖರ್ಚು ಸೊನ್ನೆ.

ಎರಡೂ ಬ್ರೇಕಿನ ಕಪ್ಲರ್ (ತಂತಿ ಜೋಡಿಸುವ ಪ್ಲಗ್ಗು) ಎಳೆದು ಬಿಟ್ಟೆ. ಹಿಂದಿನ ಚಕ್ರ ಎತ್ತಿ ಹಿಡಿದು ಎಕ್ಸಲೇಟರ್ ತುಸು ತಿರುಗಿಸಿದೆ. ಚಕ್ರ ಗರ್ರ್ ಅಂತ ನಡುಗಿತು.

ರೈಟ್ರು ಕೂತಲ್ಲಿಂದ ಎದ್ದು ನಿಂತರು. "ಅರೆ, ಹಿಂಗೇ ಆಗ್ತಿತ್ತು ಮೊದ್ಲು!"

ಸತ್ತಿದೆ ಅಂದುಕೊಂಡಿದ್ದ ಮೋಟಾರ್ ನಡುಗಿತು. ಹಾಗಾದರೆ ಮೌನ ಬೇರೆ ರೋಗ, ನಡುಕ ಬೇರೆ ರೋಗ. ನಡುಕ ಹಳೆಯದು. ಮೌನ ಬಂದದ್ದು ಆ ಎಂಟು ದಿನದ ಮಳೆಯಲ್ಲಿ, ಹೊಸ ಕಂಟ್ರೋಲರ್ ಬರುವ ಹೊತ್ತಿಗೆ. ಎರಡೂ ಸೇರಿ 'ರೋಗ ಉಲ್ಬಣ ಆಯ್ತು' ಅನ್ನುವ ಹಾಗೆ ಕಂಡಿತ್ತು.

ಮೀಟರನ್ನು, ತಂತಿ ಕೂಡಿದ್ದರೆ ಸದ್ದು ಮಾಡುವ ಬೀಪ್‌ಗೆ ಇಟ್ಟು ಎಡಗಡೆ ಹಿಡಿಯ ತಂತಿಗಳಿಗೆ ಹಚ್ಚಿದೆ. ಹಿಡಿ ಬಿಟ್ಟಿದ್ದರೂ ಬೀಪ್ ಅನ್ನುತ್ತಲೇ ಇತ್ತು. ಹಿಡಿಯನ್ನು ಬೆರಳಿನಿಂದ ಹೊರಗೆ ದೂಡಿದೆ, ಒಂದು ಬೆಂಕಿಕಡ್ಡಿ ದಪ್ಪದಷ್ಟು. ಬೀಪ್ ನಿಂತಿತು. ಬೆರಳು ತೆಗೆದೆ, ಹಿಡಿ ಮೆಲ್ಲಗೆ ಒಳಗೆ ಬಂತು, ಮತ್ತೆ ಬೀಪ್. ಬ್ರೇಕಿನ ಉಕ್ಕಿನ ತಂತಿ ಹೊರಕವಚದೊಳಗೆ ತುಕ್ಕು ಹಿಡಿದು ಬಿಗಿದಿತ್ತು, ಸ್ಪ್ರಿಂಗಿಗೆ ಪೂರ್ತಿ ವಾಪಸ್ ಎಳೆಯಲು ಆಗುತ್ತಿರಲಿಲ್ಲ. ಬ್ರೇಕ್ ಪ್ಯಾಡ್ ಚಕ್ರಕ್ಕೆ ತಾಗುವಷ್ಟು ಹಿಡಿದಿರಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬೀಳಲಿಲ್ಲ. ಹೊಸ ತಂತಿ, ಹೊಸ ಕವಚ, ಎರಡು ಹನಿ ಎಣ್ಣೆ. ಮೌನದ ಕತೆ ಮುಗಿಯಿತು.

ಉಳಿದದ್ದು ನಡುಕ. ಇಲ್ಲಿ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಡುಗುವ ಮೋಟಾರಿಗೆ 'ಈಗ ತಿರುಗಬಹುದು, ಈಗ ತಿರುಗಬಹುದು' ಅಂತ ಎಕ್ಸಲೇಟರ್ ಕೊಡುತ್ತಾ ಹೋಗಬೇಡಿ. ತಿರುಗದೆ ನಿಂತ ಸುರುಳಿಗೆ ಕರೆಂಟು ಜಾಸ್ತಿ ಹರಿಯುತ್ತೆ. ಆ ಬಿಸಿಯನ್ನು ಕಂಟ್ರೋಲರ್‌ ಒಳಗಿನ ಮಾಸ್ಫೆಟ್‌ಗಳು ತಿನ್ನಬೇಕು. ಮಾಸ್ಫೆಟ್ ಅಂದರೆ ಕರೆಂಟನ್ನು ಹಾಯಿಸಿ ನಿಲ್ಲಿಸುವ ಪುಟ್ಟ ಎಲೆಕ್ಟ್ರಾನಿಕ್ ಸ್ವಿಚ್ಚು. ಇಲ್ಲದ ರೋಗ ನಾವೇ ಹುಟ್ಟಿಸಿದಂತೆ ಆಗುತ್ತೆ.

ಹಳೇ ಕಂಟ್ರೋಲರ್ ವಾಪಸ್

ಮುಂದಿನ ತೀರ್ಮಾನಕ್ಕೆ ಸ್ವಲ್ಪ ಯೋಚಿಸಿದೆ. ಹೊಸ ಕಂಟ್ರೋಲರ್ ಹಾಕಿದಾಗ ಬಣ್ಣಕ್ಕೆ ಬಣ್ಣ ಸೇರಿಸಿದ್ದರು. ಆದರೆ ಎರಡು ಕಂಪನಿಯ ಹಳದಿ, ಹಸಿರು, ನೀಲಿ ಒಂದೇ ಕ್ರಮದಲ್ಲಿ ಇರಬೇಕೆಂದೇನಿಲ್ಲ. ಕ್ರಮ ತಪ್ಪಿದರೂ ಮೋಟಾರ್ ಹೀಗೇ ನಡುಗುತ್ತೆ. ಇದು ಗೊತ್ತಿರುವವರು ಮೋಟಾರಿಗೆ ಹೋಗುವ ಮೂರು ದಪ್ಪ ತಂತಿಗಳನ್ನು ಅದಲು ಬದಲು ಮಾಡುತ್ತಾ ಕೂರುತ್ತಾರೆ. ನನ್ನ ಕೈಯೂ ಆ ಕಡೆ ಹೋಗಿತ್ತು.

ಹಿಂದೆ ಸರಿದೆ. ಹಳೇ ಕಂಟ್ರೋಲರ್ ಜೊತೆ ಈ ಮೋಟಾರ್ ಎರಡು ವರ್ಷ ಓಡಿದೆ. ಅದರ ಬಣ್ಣದ ಕ್ರಮ ಸರಿ ಅನ್ನೋದು ಖಾತ್ರಿ. ಖಾತ್ರಿ ಇರುವ ಜಾಗಕ್ಕೆ ಮೊದಲು ಹೋಗೋಣ ಅಂತ ಹೊಸದನ್ನು ಬಿಚ್ಚಿ, ಹಳೆಯದನ್ನು ಕವರಿನಿಂದ ತೆಗೆದೆ. ಹಾಕುವ ಮುಂಚೆ ಮಾಸ್ಫೆಟ್ ಪರೀಕ್ಷೆ ಮಾಡಿದೆ. ಬ್ಯಾಟರಿ ಇಲ್ಲದೆ, ಡಯೋಡ್ ಮೋಡಿನಲ್ಲಿ, ಮೂರು ದಪ್ಪ ತಂತಿಗೂ ಬ್ಯಾಟರಿಯ ಕಪ್ಪಿಗೂ, ಆಮೇಲೆ ಕೆಂಪಿಗೂ. ಮೂರರಲ್ಲೂ 0.5ರ ಹತ್ತಿರ ಒಂದೇ ಓದು. ಒಂದಾದರೂ ಸೊನ್ನೆ ತೋರಿಸಿದ್ದರೆ ಅದು ಶಾರ್ಟ್ ಆಗಿದೆ ಅಂತ ಅರ್ಥ. ಹಾಗೇನೂ ಇರಲಿಲ್ಲ. ಜೋಡಿಸಿದೆ. ಅದೇ ನಡುಕ.

ಅಂದರೆ ಹಳೇ ಕಂಟ್ರೋಲರ್ ಹೋಗಿರಲೇ ಇಲ್ಲ. ತೊಂದರೆ ಅದರಿಂದಾಚೆ, ಚಕ್ರದ ಕಡೆ.

ನಾನು ತಪ್ಪಿದ್ದು

ಚಕ್ರಕ್ಕೆ ಹೋಗುವ ಕೇಬಲ್ಲಿನಲ್ಲಿ ಮೂರು ದಪ್ಪ ತಂತಿ, ಐದು ತೆಳು ತಂತಿ ಇರುತ್ತೆ. ದಪ್ಪದ್ದು ಮೋಟಾರಿನ ಸುರುಳಿಗೆ, ಅವೂ ಹಳದಿ, ಹಸಿರು, ನೀಲಿ. ತೆಳುವಿನಲ್ಲಿ ಕೆಂಪು ಕಪ್ಪು 5 ವೋಲ್ಟ್ ಒಯ್ಯುತ್ತೆ. ಉಳಿದ ಹಳದಿ, ಹಸಿರು, ನೀಲಿ ಹಾಲ್ ಸೆನ್ಸರ್‌ಗಳದ್ದು.

"ಹಾಲಾ?" ಅಂದರು ರೈಟ್ರು.

ಕುಡಿಯುವ ಹಾಲಲ್ಲ. 1879ರಲ್ಲಿ ಎಡ್ವಿನ್ ಹಾಲ್ ಅನ್ನೋ ಅಮೆರಿಕದವನು ಕಂಡುಹಿಡಿದ ವಿದ್ಯೆ. ಆಯಸ್ಕಾಂತ ಹತ್ತಿರ ಬಂದರೆ ಈ ಸೆನ್ಸರಿಗೆ ಗೊತ್ತಾಗುತ್ತೆ. ಮೋಟಾರಿನೊಳಗೆ ಮೂರು ಸೆನ್ಸರ್ ಕೂತು, 'ಆಯಸ್ಕಾಂತ ಈಗ ಇಲ್ಲಿದೆ' ಅಂತ ಕಂಟ್ರೋಲರಿಗೆ ಹೇಳುತ್ತಾ ಇರುತ್ತವೆ. ಪ್ರತಿ ಸೆನ್ಸರಿನ ಮಾತು ಎರಡೇ, ಹೌದು ಅಥವಾ ಇಲ್ಲ. ಮೂರು ಸೇರಿ ಆರು ಬಗೆಯ ಉತ್ತರ ಬರುತ್ತೆ. ಮೂರೂ ಹೌದು, ಅಥವಾ ಮೂರೂ ಇಲ್ಲ, ಅಂತ ಸರಿ ಇರುವ ಇಂಥ ಮೋಟಾರಿನಲ್ಲಿ ಬರುವುದೇ ಇಲ್ಲ. ಬಂದರೆ ಕಂಟ್ರೋಲರ್ ಗಾಬರಿಯಾಗಿ ನಿಲ್ಲುತ್ತೆ. ಒಂದು ಸೆನ್ಸರ್ ಬಾಯಿ ಕಟ್ಟಿದರೆ ಕೆಲವು ಜಾಗದಲ್ಲಿ ಸರಿ ಉತ್ತರ, ಕೆಲವು ಕಡೆ ಸುಳ್ಳು ಉತ್ತರ. ಮೋಟಾರ್ ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲೇ ತಡವರಿಸುತ್ತೆ. ಹೊರಗೆ ನಮಗೆ ಕಾಣೋದು ನಡುಕ.

ಸರಿ, ಕಪ್ಲರಿನ ಹಿಂಬದಿಯಿಂದ ಮೀಟರಿನ ಮೊನೆ ತೂರಿಸಿ, ಸೈಕಲ್ ಆನ್ ಮಾಡಿ, ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೆ. ಚೆನ್ನಾಗಿದ್ದರೆ ಓದು ಸೊನ್ನೆಗೂ ಐದಕ್ಕೂ ನಡುವೆ ಓಡಾಡಬೇಕು. ಹಳದಿ ಅಲುಗಲಿಲ್ಲ. ಹಸಿರು ಅಲುಗಲಿಲ್ಲ. ನೀಲಿಯೂ ಇಲ್ಲ.

"ಮೂರೂ ಹೋಗಿದೆ," ಅಂದೆ. ಎಷ್ಟು ಗಟ್ಟಿಯಾಗಿ ಅಂದೆ ಅಂದರೆ ನನಗೇ ನಂಬಿಕೆ ಬಂತು. ಮೋಟಾರ್ ಬಿಚ್ಚಿ ಮೂರೂ ಸೆನ್ಸರ್ ಬದಲಿಸಬೇಕು, ಎರಡು ದಿನ ಬೇಕು ಅಂತ ರೈಟ್ರಿಗೆ ಹೇಳಿಯೂ ಬಿಟ್ಟೆ. ಅವರು ತಲೆ ಆಡಿಸಿ ಟೀ ಕುಡಿಯಲು ಹೋದರು.

ಹೇಗೂ ಬಿಚ್ಚುತ್ತೇವಲ್ಲ, ಸುರುಳಿಯನ್ನೂ ನೋಡಿಬಿಡೋಣ ಅನ್ನಿಸಿತು. ಸುರುಳಿಯ ತಡೆ ಒಂದು ಓಮ್‌ಗಿಂತ ಎಷ್ಟೋ ಕಡಿಮೆ, ಸಾಮಾನ್ಯ ಮೀಟರಿಗೆ ಅದು ಸಿಗುವುದಿಲ್ಲ. ಅದಕ್ಕೆ ಹಳೇ ಉಪಾಯ ಇದೆ. ಮೋಟಾರಿನ ಕಪ್ಲರ್ ಕಂಟ್ರೋಲರಿನಿಂದ ಬಿಚ್ಚಿ, ದಪ್ಪ ತಂತಿಗಳಲ್ಲಿ ಎರಡನ್ನು ಒಂದಕ್ಕೊಂದು ತಾಗಿಸಿ ಚಕ್ರ ತಿರುಗಿಸಬೇಕು. ಸುರುಳಿ ಚೆನ್ನಾಗಿದ್ದರೆ ಮೋಟಾರೇ ಡೈನಮೋ ಆಗಿ ತಿರುಗಲು ಬಿಡುವುದಿಲ್ಲ, ಕೈಗೆ ಬಿಗಿ ಹತ್ತುತ್ತೆ. ಹಳದಿ ಹಸಿರು ಕೂಡಿಸಿ ತಿರುಗಿಸಿದೆ. ಚಕ್ರ ಬೆಣ್ಣೆಯಂತೆ ತಿರುಗಿತು. ಹಸಿರು ನೀಲಿ? ಬೆಣ್ಣೆ. ಹಳದಿ ನೀಲಿ? ಅದೂ ಬೆಣ್ಣೆ.

ಇಲ್ಲಿ ಕೈ ನಿಂತಿತು. ಮೂರು ಸೆನ್ಸರೂ ಸತ್ತಿವೆ, ಮೂರು ಸುರುಳಿಯೂ ಕಡಿದಿದೆ. ಹಾಗಾದರೆ ಅರ್ಧ ಗಂಟೆ ಹಿಂದೆ ನಡುಗಿದ್ದು ಯಾವುದು? ಸುರುಳಿಯಲ್ಲಿ ಕರೆಂಟು ಹರಿಯದೆ ಚಕ್ರ ನಡುಗಲು ಸಾಧ್ಯವೇ ಇಲ್ಲ. ಸುಳ್ಳು ಹೇಳುತ್ತಿರುವುದು ಮೋಟಾರಲ್ಲ, ನನ್ನ ಪರೀಕ್ಷೆ.

ಮಧ್ಯಾಹ್ನ ಕಲಿಯಲು ಬರುವ ಐಟಿಐ ಹುಡುಗನೊಬ್ಬನಿದ್ದಾನೆ. ಅವನು ಪಕ್ಕದಲ್ಲಿ ಕೂತು ಆಟಕ್ಕೆ ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಪೆಡಲ್ಲೂ ಹಿಂದಕ್ಕೆ ಸುತ್ತಿತು. "ಅಣ್ಣ, ಹಿಂದಕ್ಕೆ ಗಟ್ಟಿ ಅದೆ."

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಇದು ಗೇರ್ ಇರುವ ಮೋಟಾರ್. ಒಳಗೆ ಸಣ್ಣ ಮೋಟಾರ್ ವೇಗವಾಗಿ ತಿರುಗುತ್ತೆ, ನೈಲಾನ್ ಗೇರುಗಳು ಅದನ್ನು ನಿಧಾನ ಮಾಡಿ ಚಕ್ರಕ್ಕೆ ಕೊಡುತ್ತವೆ. ನಡುವೆ ಒಂದು ಕ್ಲಚ್ ಇದೆ, ಒಂದೇ ಕಡೆ ಹಿಡಿಯುವಂಥದ್ದು. ನಾವು ಇಳಿಜಾರಿನಲ್ಲಿ ಸುಮ್ನೆ ಹೋಗುವಾಗ ಮೋಟಾರ್ ತಡೆಯಬಾರದಲ್ವಾ, ಅದಕ್ಕೆ. ಹಾಗಾಗಿ ಚಕ್ರವನ್ನು ಮುಂದಕ್ಕೆ ತಿರುಗಿಸಿದರೆ ಒಳಗಿನ ಮೋಟಾರ್ ಅಲುಗುವುದೇ ಇಲ್ಲ. ಹಿಂದಕ್ಕೆ ತಿರುಗಿಸಿದರೆ ಮಾತ್ರ ತಿರುಗುತ್ತೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ವಾರ ರಿಪೇರಿ ಮಾಡಿದ್ದು ಗೇರ್ ಇಲ್ಲದ ದೊಡ್ಡ ಮೋಟಾರ್, ಅದು ಯಾವ ಕಡೆ ತಿರುಗಿಸಿದರೂ ನಡೆಯುತ್ತೆ. ಕೈ ಅದನ್ನೇ ನೆನಪಿಟ್ಟುಕೊಂಡಿತ್ತು.

ಮತ್ತೆ ಮೊದಲಿಂದ. ಎರಡೆರಡು ದಪ್ಪ ತಂತಿ ಕೂಡಿಸಿ, ಈ ಸಲ ಹಿಂದಕ್ಕೆ. ಮೂರು ಜೋಡಿಯಲ್ಲೂ ಒಂದೇ ಸಮ ಬಿಗಿ. ಸುರುಳಿ ಚೆನ್ನಾಗಿದೆ, ಎಂಟು ಸಾವಿರ ಉಳಿಯಿತು. ಕಪ್ಲರ್ ಹಾಕಿ ಹಾಲ್ ತಂತಿ ಹಿಡಿದೆ. ಹಳದಿ 0.1, 4.8, 0.1, 4.8 ಅಂತ ಓಡಾಡಿತು. ನೀಲಿಯೂ ಹಾಗೇ. ಹಸಿರು ಮಾತ್ರ 4.8ರಲ್ಲೇ ಕೂತಿತ್ತು, ಎಷ್ಟು ತಿರುಗಿಸಿದರೂ.

ಹಸಿರು ತಂತಿ

ಯಾವಾಗಲೂ ಮೇಲೆ ನಿಂತ ಓದಿಗೆ ಎರಡು ಅರ್ಥ ಇದೆ. ಸೆನ್ಸರ್ ಹೋಗಿರಬಹುದು. ಇಲ್ಲವೇ ಸೆನ್ಸರಿನಿಂದ ಬರುವ ತಂತಿ ಕಡಿದಿರಬಹುದು. ಈ ತಂತಿಯನ್ನು ಕಂಟ್ರೋಲರ್ ತನ್ನ ಕಡೆಯಿಂದ ಐದು ವೋಲ್ಟಿಗೆ ಎಳೆದು ಹಿಡಿದಿರುತ್ತೆ, ಸೆನ್ಸರ್ ಅದನ್ನು ಕೆಳಗೆ ಎಳೆಯಬೇಕು. ಎಳೆಯುವವನೇ ಇಲ್ಲದಿದ್ದರೆ ಅದು ಮೇಲೇ ಇರುತ್ತೆ. ಮೀಟರಿಗೆ ಎರಡೂ ಒಂದೇ ಥರ ಕಾಣುತ್ತೆ.

ಸೆನ್ಸರ್ ಬದಲಿಸುವುದು ದೊಡ್ಡ ಕೆಲಸ. ಅದಕ್ಕೆ ಮುಂಚೆ ಕೇಬಲ್ ನೋಡೋದು ಸುಲಭ. ಹುಡುಗನಿಗೆ ಚಕ್ರ ಹಿಂದಕ್ಕೆ ತಿರುಗಿಸುತ್ತಾ ಇರಲು ಹೇಳಿ, ಕಪ್ಲರಿನಿಂದ ಆಕ್ಸಲ್ ತನಕ ಕೇಬಲ್ಲನ್ನು ಬೆರಳಲ್ಲಿ ಹಿಸುಕುತ್ತಾ ಬಂದೆ. ಆಕ್ಸಲ್ಲಿನ ಬಾಯಿ ಹತ್ತಿರ ಸ್ವಲ್ಪ ಬಗ್ಗಿಸಿದಾಗ ಮೀಟರಿನ ಓದು ಒಮ್ಮೆ 0.1ಕ್ಕೆ ಬಿದ್ದು ಮತ್ತೆ ಮೇಲೆ ಹೋಯಿತು. ಇನ್ನೊಮ್ಮೆ ಬಗ್ಗಿಸಿದೆ. ಮತ್ತೆ ಬಿತ್ತು. ಸೆನ್ಸರಿಗೆ ಜೀವ ಇದೆ.

ಟಾರ್ಚ್ ಹಾಕಿ ಕೆಸರು ಒರೆಸಿ ನೋಡಿದೆ. ಕೇಬಲ್ಲಿನ ಕಪ್ಪು ಕವಚ ಆಕ್ಸಲ್ಲಿನ ಅಂಚಿಗೆ ತಿಕ್ಕಿ ಸೀಳಿತ್ತು. ಕೇಬಲ್ ಹಗ್ಗ ಹೊಸೆದಂತೆ ಅರ್ಧ ಸುತ್ತು ತಿರುಚಿಕೊಂಡಿತ್ತು. ಅದರ ಪಕ್ಕ ಇನ್ನೊಂದು ಕಂಡಿತು. ಆಕ್ಸಲ್ ಕೂರುವ ಫ್ರೇಮಿನ ಸೀಳು ನೇರ ಅಂಚಿನದಾಗಿರಬೇಕು. ಅದರ ಒಂದು ಕಡೆ ಉಜ್ಜಿ ದುಂಡಗಾಗಿ, ಹೊಳೆಯುತ್ತಿತ್ತು.

ಆಕ್ಸಲ್ ತಿರುಗಿದೆ. ಮೋಟಾರ್ ಚಕ್ರವನ್ನು ಮುಂದಕ್ಕೆ ದೂಡುವಾಗ ಆಕ್ಸಲ್ಲನ್ನು ಅಷ್ಟೇ ಬಲದಿಂದ ಹಿಂದಕ್ಕೆ ದೂಡುತ್ತೆ. ಅದಕ್ಕೇ ಆಕ್ಸಲ್ಲಿಗೆ ಎರಡು ಕಡೆ ಚಪ್ಪಟೆ ಮಾಡಿರುತ್ತಾರೆ, ಜೊತೆಗೆ ಒಂದು ಬದಿಗೆ ಪುಟ್ಟ ನಾಲಿಗೆ ಇರುವ ವಾಷರ್ ಕೊಡುತ್ತಾರೆ. ಆ ನಾಲಿಗೆ ಫ್ರೇಮಿನ ಸೀಳಿನೊಳಗೆ ಕೂತು ಆಕ್ಸಲ್ ಸುತ್ತದಂತೆ ಹಿಡಿಯುತ್ತೆ. ಇಲ್ಲಿ ಆ ವಾಷರ್ ಇರಲೇ ಇಲ್ಲ. ನಟ್ಟಿನ ಕೆಳಗೆ ಬರೀ ಸಾದಾ ವಾಷರ್.

ಅಷ್ಟರಲ್ಲಿ ರೈಟ್ರು ಟೀ ಕುಡಿದು ಬಂದರು.

"ರೈಟ್ರೇ, ಈ ಚಕ್ರ ಯಾರಾದ್ರೂ ಬಿಚ್ಚಿದ್ರಾ?"

"ಇಲ್ವಲ್ಲ... ಹಾಂ, ಪಂಚರ್ ಆಗಿತ್ತು. ನಿಂತು ಹೋಗೋಕೆ ಎರಡು ದಿನ ಮುಂಚೆ. ಯಾಕೆ?"

ಪಂಚರ್ ಅಂಗಡಿಯವನು ಚಕ್ರ ಬಿಚ್ಚಿ ಟ್ಯೂಬಿಗೆ ಪ್ಯಾಚ್ ಹಾಕಿ ಮತ್ತೆ ಕೂರಿಸಿದ್ದ. ಕೂರಿಸಿದ ಮೇಲೆ ಒಂದು ವಾಷರ್ ಕೈಯಲ್ಲಿ ಉಳಿದಿತ್ತು. ಇದೊಂದು ಉಳೀತು, ಇಟ್ಕೊಳಿ ಅಂತ ರೈಟ್ರ ಕೈಗೇ ಕೊಟ್ಟಿದ್ದ. ರೈಟ್ರು ಸೀಟಿನ ಕೆಳಗಿನ ಚೀಲದ ಜಿಪ್ ಎಳೆದು, ತೋಟದ ಬೀಗದ ಕೈ, ಒಂದು ಹರಿದ ರೈನ್‌ಕೋಟ್ ಟೋಪಿ, ಅಡಕೆ ಪೊಟ್ಟಣದ ಅಡಿಯಿಂದ ಅದನ್ನು ತೆಗೆದು ಅಂಗೈಯಲ್ಲಿ ಇಟ್ಟರು. ನಾಲಿಗೆ ವಾಷರ್.

ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಕರೆಂಟಿನ ತೊಂದರೆಗೂ ಪಂಚರಿಗೂ ಸಂಬಂಧ ಇದೆ ಅಂತ ಯಾರಿಗೆ ತಾನೇ ಹೊಳೆಯುತ್ತೆ? ಕೇಳಬೇಕಾಗಿದ್ದವನು ನಾನು. ಬಂದ ಕೂಡಲೇ 'ಏನಾಯ್ತು' ಅಂತ ಕೇಳಿದ್ದೆ. ಏನಾಯ್ತು ಅಂದರೆ ಜನ ಕೆಟ್ಟ ಗಳಿಗೆಯ ಕತೆ ಹೇಳುತ್ತಾರೆ. 'ಕೆಡುವ ಮುಂಚೆ ಇದನ್ನು ಕೊನೆಗೆ ಮುಟ್ಟಿದ್ದು ಯಾರು' ಅಂದಿದ್ದರೆ ಪಂಚರ್ ಮಾತು ಮೊದಲ ಐದು ನಿಮಿಷಕ್ಕೇ ಬರುತ್ತಿತ್ತು. ನಾನು ಬ್ಯಾಟರಿಗೆ ಬಲ್ಬು ಹಚ್ಚುವ ಮೊದಲೇ ಆಕ್ಸಲ್ ನೋಡುತ್ತಿದ್ದೆ. ಆ ಮೇಲೆ ನನ್ನ ಬಿಲ್ ಪುಸ್ತಕದಲ್ಲಿ ಸೈಕಲ್ ಬಂದರೆ ಮೊದಲ ಸಾಲು ಇದೇ: ಚಕ್ರ ಯಾವಾಗ ಬಿಚ್ಚಿದ್ದು?

ಕೂಡಿಸಿದ್ದು

ಮೂರು ದಾರಿ ಇತ್ತು. ಸೆನ್ಸರ್ ಇಲ್ಲದೆಯೂ ಮೋಟಾರ್ ಓಡಿಸುವ ಕಂಟ್ರೋಲರ್‌ಗಳು ಸಿಗುತ್ತವೆ. ಅದನ್ನು ಹಾಕಿದರೆ ಹಸಿರು ತಂತಿಯ ಚಿಂತೆಯೇ ಇಲ್ಲ. ಬೇಡ ಅಂದೆ. ನಿಂತಲ್ಲಿಂದ ಏರಿನಲ್ಲಿ ಹೊರಡುವಾಗ ಅಂಥವು ತಡವರಿಸುತ್ತವೆ, ರೈಟ್ರು ಹೋಗುವ ದಾರಿ ಬಹುಪಾಲು ಏರು. ಅಲ್ಲದೆ ಸೀಳಿದ ಕೇಬಲ್ಲನ್ನು ಹಾಗೇ ಬಿಟ್ಟರೆ ನಾಳೆ ದಪ್ಪ ತಂತಿಯ ಸರದಿ. ದಪ್ಪ ತಂತಿಯ 36 ವೋಲ್ಟ್ ಹಾಲ್ ತಂತಿಗೆ ತಾಗಿದರೆ ಕಂಟ್ರೋಲರಿನ 5 ವೋಲ್ಟಿನ ಕಡೆ ಪೂರ್ತಿ ಹೋಗುತ್ತೆ, ಜೊತೆಗೆ ಮೂರೂ ಸೆನ್ಸರು. ಎರಡನೇ ದಾರಿ ಪೂರ್ತಿ ಹೊಸ ಕೇಬಲ್. ಅದು ಬರಲು ಮತ್ತೆ ಎಂಟು ದಿನ. ಮೂರನೆಯದು ಕಡಿದ ಕಡೆ ಬೆಸೆಯುವುದು. ಅದನ್ನೇ ಆರಿಸಿಕೊಂಡೆ.

ಕಡಿದಿದ್ದು ಸರಿಯಾಗಿ ಆಕ್ಸಲ್ಲಿನ ಬಾಯಲ್ಲಿ, ಅಲ್ಲಿ ಬೆಸುಗೆ ಹಾಕಿದರೆ ಮತ್ತೆ ಮುರಿಯುತ್ತೆ. ಹಾಗಾಗಿ ಮೋಟಾರಿನ ಪಕ್ಕದ ಮುಚ್ಚಳ ಬಿಚ್ಚಿ, ಒಳಗೆ ಸುತ್ತಿಟ್ಟಿದ್ದ ಕೇಬಲ್ಲನ್ನು ಮೂರು ಸೆಂಟಿಮೀಟರ್ ಹೊರಗೆ ಎಳೆದೆ. ಕೆಟ್ಟ ತುಂಡನ್ನು ಕತ್ತರಿಸಿದೆ. ಹಸಿರು ಹಾಲ್ ತಂತಿಯ ತಾಮ್ರ ಪೂರ್ತಿ ಕಡಿದು, ಬರೀ ಪ್ಲಾಸ್ಟಿಕ್ ಅದನ್ನು ಹಿಡಿದಿತ್ತು. ಹಳದಿ ದಪ್ಪ ತಂತಿಯ ಮೈ ಕೂಡ ಕೆರೆದಿತ್ತು, ತಾಮ್ರ ಇನ್ನೂ ಕಂಡಿರಲಿಲ್ಲ. ಇನ್ನೊಂದು ವಾರ ಓಡಿಸಿದ್ದರೆ ಕಾಣುತ್ತಿತ್ತು.

ಎಂಟೂ ತಂತಿಯ ಬೆಸುಗೆ ಒಂದೇ ಜಾಗಕ್ಕೆ ಬರದಂತೆ, ಮೆಟ್ಟಿಲಿನ ಹಾಗೆ ಒಂದರಿಂದ ಒಂದು ಸರಿಸಿ ಹಾಕಿದೆ. ಒಂದೊಂದಕ್ಕೂ ಬಿಸಿ ಮಾಡಿದರೆ ಕುಗ್ಗುವ ಸ್ಲೀವ್, ಎಲ್ಲದರ ಮೇಲೆ ಒಂದು ದೊಡ್ಡ ಸ್ಲೀವ್. ಮುಗಿದ ಮೇಲೆ ದಪ್ಪ ತಂತಿಗೂ ತೆಳು ತಂತಿಗೂ ಬೀಪ್ ಬರುತ್ತಾ ಅಂತ ನೋಡಿದೆ. ಬರಲಿಲ್ಲ. ಕೇಬಲ್ ಆಕ್ಸಲ್ಲಿನಿಂದ ಹೊರಬಂದು ಸ್ವಲ್ಪ ಕೆಳಗೆ ಜೋತು ಆಮೇಲೆ ಮೇಲೆ ಹೋಗುವಂತೆ ಕಟ್ಟಿದೆ. ನಮ್ಮ ಮಳೆಗೆ ಇದು ಬೇಕೇ ಬೇಕು. ಫ್ರೇಮಿನ ಮೇಲಿಂದ ಇಳಿದು ಬರುವ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಬೀಳುತ್ತೆ, ಆಕ್ಸಲ್ಲಿನ ತೂತಿಗೆ ಹೋಗುವುದಿಲ್ಲ.

ದುಂಡಗಾದ ಸೀಳಿಗೆ ಅರ ಹಾಕಿ ಅಂಚು ಸರಿಮಾಡಿ, ನಾಲಿಗೆ ವಾಷರನ್ನು ಅದರ ಜಾಗಕ್ಕೆ ಕೂರಿಸಿದೆ. ಇನ್ನೊಂದು ಬದಿಗೂ ಅಂಥದ್ದೇ ಒಂದು ನನ್ನ ಡಬ್ಬಿಯಿಂದ ಹುಡುಕಿ ಹಾಕಿದೆ. 18ರ ಸ್ಪ್ಯಾನರಿಗೆ ಪೈಪು ತೊಡಿಸಿ ನಟ್ಟು ಬಿಗಿದೆ.

ಚಕ್ರ ಎತ್ತಿ ಎಕ್ಸಲೇಟರ್ ತಿರುಗಿಸಿದಾಗ ಸುಂಯ್ ಅಂತ ತಿರುಗಿತು. ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ 0.9 ಆಂಪಿಯರ್, ಭಾರ ಇಲ್ಲದ ಗೇರ್ ಮೋಟಾರಿಗೆ ಸರಿಯಾದದ್ದೇ. ಬ್ರೇಕ್ ಮುಟ್ಟಿದರೆ ನಿಂತಿತು, ಬಿಟ್ಟರೆ ಹೊರಟಿತು.

ಆಮೇಲೆ

ನನ್ನ ಬಿಲ್ 950 ಆಯಿತು, ಬ್ರೇಕ್ ತಂತಿ ಸೇರಿ. ಹೊಸ ಕಂಟ್ರೋಲರನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ, ಒಮ್ಮೆ ತಂತಿ ಕತ್ತರಿಸಿ ಜೋಡಿಸಿದ್ದನ್ನು ಯಾರು ತೆಗೆದುಕೊಳ್ಳುತ್ತಾರೆ? ಅದೂ ಒಂದು ಎಕ್ಸಲೇಟರೂ ರೈಟ್ರ ಮನೆಯಲ್ಲಿ ಅದೇ ಪ್ಲಾಸ್ಟಿಕ್ ಕವರಿನಲ್ಲಿ ಕೂತಿವೆ.

ಕಳಿಸುವ ಮುಂಚೆ ಒಂದು ಚಿಕ್ಕ ಕೆಲಸ ಮಾಡಿದ್ದೆ. ಆಕ್ಸಲ್ ತುದಿ, ನಟ್ಟು, ಫ್ರೇಮ್ ಮೂರರ ಮೇಲೂ ಹಾಯುವಂತೆ ಬಿಳಿ ಬಣ್ಣದ ಒಂದು ನೇರ ಗೆರೆ ಎಳೆದೆ. ಬೆಳಿಗ್ಗೆ ಹೊರಡುವಾಗ ಒಂದು ಕಣ್ಣು ಹಾಯಿಸಿ, ಗೆರೆ ಮುರಿದಂತೆ ಕಂಡರೆ ಹತ್ತಬೇಡಿ ಅಂತ ಹೇಳಿದೆ. ಹೊಸದಾಗಿ ಬಿಗಿದ ನಟ್ಟು ಮೊದಲ ಕೆಲವು ದಿನ ಸ್ವಲ್ಪ ಸಡಿಲ ಆಗೋದು ಸಹಜ, ಅದಕ್ಕೆ.

ಮೂರನೇ ವಾರ ಫೋನ್ ಬಂತು. "ಗೆರೆ ಒಂದು ಅಕ್ಕಿಕಾಳಷ್ಟು ಸರಿದದೆ. ಬರ್ಲಾ?"

ಸೈಕಲ್ಲನ್ನು ತಳ್ಳಿಕೊಂಡೇ ಬಂದರು. ನಟ್ಟಷ್ಟೇ ಸರಿದಿತ್ತು, ಆಕ್ಸಲ್ ಫ್ರೇಮಿಗೆ ಎಳೆದ ಗೆರೆ ಹಾಗೇ ನೇರವಾಗಿತ್ತು. ಸ್ಪ್ಯಾನರ್ ಹಾಕಿದೆ, ಕಾಲು ಸುತ್ತು ಬಂತು. ಹಳೇ ಗೆರೆ ಒರೆಸಿ ಹೊಸದು ಎಳೆದೆ.